ಎದುರಿನ ಹಾಡು, ತಟ್ಟೆಯ ಹಾಡು



ಹೊಸ ಸ್ಪೀಕರು ಕೊಂಡವರು, ಹಳೆಯ ಕಛೇರಿಯೊಂದರ ಮುದ್ರಿಕೆ ಸಂಪಾದಿಸಿದವರು ನಮ್ಮನ್ನು ಮನೆಗೆ ಕರೆದು ಕೂರಿಸಿ ಒಂದು ಮಾತು ಹೇಳುವುದುಂಟು: "ಕಣ್ಣು ಮುಚ್ಚಿಕೊಂಡು ಕೇಳಿ, ಕಛೇರಿಯಲ್ಲೇ ಕೂತ ಹಾಗಿಲ್ಲವೇ?" ಸಂಗೀತಪ್ರಿಯರ ನಡುವೆ ಧ್ವನಿಮುದ್ರಣಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇವತ್ತು ಈ ಹೊಗಳಿಕೆಯನ್ನೇ ಪರೀಕ್ಷೆಗೆ ಒಡ್ಡೋಣ ಅಂದುಕೊಂಡಿದ್ದೇನೆ. ಮುದ್ರಿಸಿದ ಸಂಗೀತ ಎದುರು ಕೂತು ಕೇಳುವ ಸಂಗೀತಕ್ಕೆ ಎಷ್ಟು ನಿಷ್ಠವಾಗಿದೆ ಎಂದು ನಿರ್ಧರಿಸುವುದು ಹೇಗೆ? ಯಾವ ಕಛೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸಬೇಕು? ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನೂರು ವರ್ಷಗಳಿಂದ ಜಗತ್ತಿನ ಒಳ್ಳೊಳ್ಳೆಯ ಎಂಜಿನಿಯರುಗಳೂ ಸಂಗೀತಗಾರರೂ ಇದರ ಜೊತೆ ಗುದ್ದಾಡುತ್ತಲೇ ಬಂದಿದ್ದಾರೆ.

ಎದುರಿನ ಹಾಡನ್ನೂ ಯಂತ್ರದ ಹಾಡನ್ನೂ ಅಕ್ಕಪಕ್ಕ ನಿಲ್ಲಿಸಿ ಜನರನ್ನೇ ನ್ಯಾಯಾಧೀಶರನ್ನಾಗಿ ಮಾಡಿದ ದೊಡ್ಡ ಪ್ರಯೋಗ ಥಾಮಸ್ ಎಡಿಸನ್ನರ ಕಂಪನಿಯದು. 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ ಎಡಿಸನ್, ಮುಂದೆ ತಟ್ಟೆಯಾಕಾರದ ಮುದ್ರಿಕೆಗಳನ್ನೂ ಅವನ್ನು ನುಡಿಸುವ ಯಂತ್ರವನ್ನೂ ಮಾರಾಟಕ್ಕೆ ತಂದರು. ಅದರ ಪ್ರಚಾರಕ್ಕಾಗಿ 1915ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಊರೂರುಗಳ ಸಭಾಂಗಣಗಳಲ್ಲಿ ಪ್ರದರ್ಶನಗಳು ನಡೆದವು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ಯಂತ್ರದೊಳಗೆ ಆಕೆಯದೇ ಹಾಡು. ಆಕೆ ಅದರ ಜೊತೆ ಹಾಡುವರು, ನಡುವೆ ನಿಲ್ಲಿಸುವರು, ಮತ್ತೆ ಸೇರಿಕೊಳ್ಳುವರು. ಕೆಲವೊಮ್ಮೆ ದೀಪ ಆರಿಸಿ, ಕತ್ತಲಲ್ಲಿ ಆಕೆ ಮೆಲ್ಲನೆ ಒಳಗೆ ಹೋಗಿಬಿಡುವರು. ದೀಪ ಹತ್ತಿದಾಗ ಯಂತ್ರವೊಂದೇ ನಿಂತಿರುತ್ತಿತ್ತು. ಗಾಯಕಿ ಹೋದದ್ದು ತಮಗೆ ತಿಳಿಯಲೇ ಇಲ್ಲವೆಂದು ಸಭೆ ಬೆರಗಾಗುತ್ತಿತ್ತು. ಪತ್ರಿಕೆಗಳೂ ಹಾಗೆಯೇ ಬರೆದವು.

ಇವತ್ತು ಅದೇ ಮುದ್ರಿಕೆಗಳನ್ನು ಕೇಳಿದರೆ ಯಾವ ಮಗುವೂ ಅದು ಯಂತ್ರದ ದನಿ ಎಂದು ಹೇಳಿಬಿಡುತ್ತದೆ. ಆಗಿನ ಮುದ್ರಣಕ್ಕೆ ಮೈಕಿರಲಿಲ್ಲ. ಕಲಾವಿದರು ಒಂದು ದೊಡ್ಡ ಕೊಳವೆಯ ಬಾಯಿಗೆ ಹಾಡಬೇಕಿತ್ತು. ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಸೆಕೆಂಡಿಗೆ ಸುಮಾರು 2500ಕ್ಕಿಂತ ಹೆಚ್ಚಿನ ಕಂಪನಗಳು ಅದಕ್ಕೆ ಹೆಚ್ಚುಕಡಿಮೆ ದಕ್ಕುತ್ತಲೇ ಇರಲಿಲ್ಲ. ಕೆಳಗಿನ ಗಂಭೀರ ನಾದವೂ ಉಳಿಯುತ್ತಿರಲಿಲ್ಲ. ಹಾಗಿದ್ದೂ ಸಾವಿರಾರು ಜನ ಹೇಗೆ ಮೋಸಹೋದರು? ಈ ಪ್ರದರ್ಶನಗಳಲ್ಲಿ ಬಹಳ ಹೆಸರು ಮಾಡಿದ ಗಾಯಕಿ ಆನಾ ಕೇಸ್ ವೃದ್ಧಾಪ್ಯದಲ್ಲಿ ಇದರ ಗುಟ್ಟು ಬಿಚ್ಚಿದರು. ಕೇಳುವವರಿಗೆ ವ್ಯತ್ಯಾಸ ಗೊತ್ತಾಗದಿರಲೆಂದು ತನ್ನ ದನಿಗೆ ಯಂತ್ರದ ದನಿಯ ಗುಣವನ್ನೇ ತಂದುಕೊಂಡು ಹಾಡುತ್ತಿದ್ದೆ ಎಂದರು. ಯಂತ್ರಕ್ಕೆ ಏರಲಾಗದ ಎತ್ತರದಿಂದ ಮನುಷ್ಯದನಿ ಇಳಿದುಬಂದಿತ್ತು. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಮ್ಮ ಸಭೆಗಳ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಮುಂದೆ ಇಂಗ್ಲೆಂಡಿನ ಸ್ಪೀಕರು ತಯಾರಕ ಗಿಲ್ಬರ್ಟ್ ಬ್ರಿಗ್ಸ್ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ, 1955ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಇದೇ ಬಗೆಯ ಹೋಲಿಕೆಗಳನ್ನು ಬಹಳ ಪ್ರಾಮಾಣಿಕವಾಗಿ ನಡೆಸಿದರು. ಅಮೆರಿಕದ ಎಡ್ಗರ್ ವಿಲ್ಚರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ಮೇಳವನ್ನು ಅವರು ಪ್ರತಿಧ್ವನಿ ಸೇರದಂತೆ ಮುದ್ರಿಸಿಕೊಂಡರು. ಆಮೇಲೆ ಅದೇ ಮೇಳವನ್ನು ವೇದಿಕೆಯಲ್ಲಿ ಕೂರಿಸಿ, ನುಡಿಸುತ್ತ ನುಡಿಸುತ್ತ ನಡುವೆ ಸ್ಪೀಕರಿಗೆ ದಾಟಿಸಿದರು. ಎಲ್ಲಿ ದಾಟಿತೆಂದು ಹೇಳುವುದು ಕೇಳುಗರಿಗೆ ಬಹಳ ಕಷ್ಟವಾಯಿತು. ಪ್ರತಿಧ್ವನಿ ಬೇಡವೆಂದದ್ದು ಏಕೆ ಎಂದು ನೀವು ಕೇಳಬಹುದು. ಸಭಾಂಗಣದಲ್ಲಿ ಮುದ್ರಿಸಿಕೊಂಡದ್ದನ್ನು ಮತ್ತೊಂದು ಸಭಾಂಗಣದಲ್ಲಿ ನುಡಿಸಿದರೆ ಎರಡು ಕಟ್ಟಡಗಳ ಗೋಡೆಗಳೂ ಒಂದರ ಮೇಲೊಂದು ಕೇಳಿಸುತ್ತವೆ. ಎದುರಿಗಿರುವ ಪಿಟೀಲಿಗೆ ಒಂದೇ ಕಟ್ಟಡದ ಗೋಡೆ, ಸ್ಪೀಕರಿನ ಪಿಟೀಲಿಗೆ ಎರಡು. ಈ ಅಸಮಾನತೆಯನ್ನು ವಿಲ್ಚರ್ ಮೊದಲೇ ತೆಗೆದುಹಾಕಿದ್ದರು. ನನಗೆ ಗೊತ್ತಿರುವ ಹೋಲಿಕೆಗಳಲ್ಲಿ ಇದೇ ಅತ್ಯಂತ ನ್ಯಾಯವಾದದ್ದು.

ಈಗ ನಮ್ಮ ನೆಲಕ್ಕೆ ಬರೋಣ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಮುಂದೆ 1928ರಲ್ಲಿ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಹಾಗಾಗಿ ಅವರ ಕಥೆಯ ಕೊನೆಯ ಪುಟ ನಮ್ಮದೂ ಹೌದು. ಆ ತಟ್ಟೆಗಳಿಗೆ ಹಿಡಿಸುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ಅದಕ್ಕಿಂತ ಚೂರು ಹೆಚ್ಚು. ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ, ಅದಕ್ಕಾಗಿ ಹಾಡು ಮುಗಿದೊಡನೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು.

ಒಂದು ಖಯಾಲನ್ನು ಮೆಹಫಿಲಿನಲ್ಲಿ ಮುಕ್ಕಾಲು ಗಂಟೆ ಬೆಳೆಸಬಲ್ಲವರು ಅದರ ರೂಪವನ್ನು ಮೂರು ನಿಮಿಷಕ್ಕೆ ಕಡೆದಿಟ್ಟರು. ಈ ಮುದ್ರಿಕೆ ಎಷ್ಟು ನಿಷ್ಠ? ತಾನದ ವೇಗ, ಸ್ವರದಿಂದ ಸ್ವರಕ್ಕೆ ಜಾರುವ ರೀತಿ, ಉಚ್ಚಾರಣೆ, ಲಯದ ಮೇಲಿನ ಹಿಡಿತ ಇವೆಲ್ಲ ಇವತ್ತಿಗೂ ನಂಬಬಹುದಾದ ಹಾಗೆ ಉಳಿದಿವೆ. ದನಿಯ ಮೈ ಉಳಿದಿಲ್ಲ. ವಿಸ್ತಾರವಂತೂ ಇಲ್ಲವೇ ಇಲ್ಲ. ನಿಧಾನವಾಗಿ ಒಂದು ಸ್ವರದ ಮೇಲೆ ಕೂತು ಸಭೆಯನ್ನು ಕಾಯಿಸುವ ಧೈರ್ಯ ಆ ತಟ್ಟೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಆ ಕಾಲದ ಗಾಯಕರೆಲ್ಲ ಸದಾ ಅವಸರದಲ್ಲಿ ಹಾಡುತ್ತಿದ್ದರೆಂದು ತಟ್ಟೆ ಕೇಳಿ ತೀರ್ಮಾನಿಸುವವರನ್ನು ನಾನು ಕಂಡಿದ್ದೇನೆ. ಅದು ಮೇಣದ ಅವಸರ, ಗಾಯಕರದಲ್ಲ.

ವೇಗದ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಾವು ನಿಮಿಷಕ್ಕೆ 78 ಸುತ್ತಿನ ತಟ್ಟೆ ಎಂದು ಸಲೀಸಾಗಿ ಹೇಳುತ್ತೇವೆ. ಆದರೆ ಮೊದಮೊದಲ ತಟ್ಟೆಗಳೆಲ್ಲ 78ರಲ್ಲೇ ಕೊರೆದವಲ್ಲ. ಕೆಲವು ಅದಕ್ಕಿಂತ ನಿಧಾನ, ಕೆಲವು ಅದಕ್ಕಿಂತ ಬೇಗ. 74 ಸುತ್ತಿನಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ತಿರುಗಿಸಿದಿರಿ ಎನ್ನಿ. ವೇಗ ನೂರಕ್ಕೆ ಐದಕ್ಕಿಂತ ಹೆಚ್ಚು ಏರಿತು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರ ನೂರಕ್ಕೆ ಸುಮಾರು ಆರು. ಅಂದರೆ ಒಂದು ಮನೆ ಶ್ರುತಿಯಲ್ಲಿ ಹಾಡಿದವರು ಹೆಚ್ಚುಕಡಿಮೆ ಒಂದೂವರೆ ಮನೆಯಲ್ಲಿ ಹಾಡಿದಂತೆ ಕೇಳಿಸುತ್ತದೆ. ದನಿ ತೆಳ್ಳಗಾಗುತ್ತದೆ, ತಾಳ ಓಡುತ್ತದೆ. "ಆ ಕಾಲದವರ ಕಂಠ ಎಷ್ಟು ತಾರದಲ್ಲಿತ್ತು!" ಎಂದು ನಾವು ಆಶ್ಚರ್ಯಪಡುತ್ತೇವೆ. ಹಳೆಯ ತಟ್ಟೆಗಳನ್ನು ಗಣಕಕ್ಕೆ ಏರಿಸುವವರು ಈ ಒಂದು ಸಂಗತಿಯನ್ನು ಎಚ್ಚರದಿಂದ ನೋಡಿಕೊಳ್ಳದಿದ್ದರೆ, ಉಳಿದ ಗೀರು ಗದ್ದಲಗಳನ್ನು ಎಷ್ಟು ಶುಚಿ ಮಾಡಿದರೂ ಪ್ರಯೋಜನವಿಲ್ಲ.

ಹಾಗೆಂದು ತಾರದಲ್ಲಿ ಕೇಳಿಸಿದ್ದೆಲ್ಲ ಯಂತ್ರದ ತಪ್ಪೂ ಅಲ್ಲ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮೊದಲ ತಟ್ಟೆಗಳನ್ನು ಕೇಳಿ. ಅವುಗಳ ಮೇಲೆ ಹೆಸರು ಗಾಂಧಾರಿ ಎಂದಿದೆ. ಒಳಗಿರುವುದು ತೆಳುವಾದ, ಮಧುರವಾದ, ಎತ್ತರದ ಹೆಣ್ಣುದನಿ. ನಮಗೆ ಗೊತ್ತಿರುವ ಗಂಗಜ್ಜಿಯ ಆ ಗಂಡುಮೆಟ್ಟಿನ ಘನವಾದ ಕಂಠ ಅದರಲ್ಲಿಲ್ಲ. ಗಂಟಲಿನ ತೊಂದರೆ, ಅದರ ಚಿಕಿತ್ಸೆ ಇವುಗಳ ನಂತರ ಅವರ ದನಿಯೇ ಬದಲಾಯಿತು. ಹುಬ್ಬಳ್ಳಿ ಧಾರವಾಡದ ವೇದಿಕೆಗಳಲ್ಲಿ ಅವರನ್ನು ಕೇಳಿದ ನೆನಪಿನಿಂದ ಆ ತಟ್ಟೆಯನ್ನು ಅಳೆದರೆ ತಟ್ಟೆ ಸುಳ್ಳು ಎನಿಸೀತು. ಅಲ್ಲಿ ತಟ್ಟೆಯದೇ ಸತ್ಯ, ನೆನಪು ಬೇರೆ ಕಾಲದ್ದು. ಯಾವ ಕಾಲದ, ಯಾವ ದಿನದ ದನಿಯೊಂದಿಗೆ ಹೋಲಿಸುತ್ತಿದ್ದೇವೆ ಎಂಬುದು ಗೊತ್ತಿಲ್ಲದೆ ಯಾವ ಮುದ್ರಿಕೆಯ ಮೇಲೂ ತೀರ್ಪು ಕೊಡುವಂತಿಲ್ಲ.

ಇಲ್ಲಿಯವರೆಗೆ ನಾನು ಎದುರಿನ ಸಂಗೀತವೆಂದರೆ ಏನೆಂದು ನಮಗೆಲ್ಲ ಗೊತ್ತಿದೆ ಎನ್ನುವ ಹಾಗೆ ಮಾತಾಡಿದೆ. ನಿಜಕ್ಕೂ ಗೊತ್ತಿದೆಯೇ? ನನ್ನ ಮುಖ್ಯವಾದ ಆತಂಕ ಇರುವುದು ಇಲ್ಲಿ.

ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದ್ದು ಏಕೆಂಬುದು ನಿಮಗೆ ಗೊತ್ತಿರಬಹುದು. ಮೈಕಿಲ್ಲದ ಕಾಲ. ಹಿಂದೆ ಕೂತವರಿಗೆ ಪಿಟೀಲು ಮುಟ್ಟುತ್ತಿಲ್ಲ ಎಂಬ ಕೊರತೆ ಅವರನ್ನು ಕಾಡಿತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ವಾದ್ಯದೊಳಗೇ ಇತ್ತು. ಮೈಕು ಬಂದಮೇಲೆ ಆ ಕೊರತೆ ನೀಗಿತು, ಒಪ್ಪುತ್ತೇನೆ. ಬೆಂಗಳೂರಿನ ಕೋಟೆ ಹೈಸ್ಕೂಲಿನ ರಾಮನವಮಿ ಚಪ್ಪರದಲ್ಲಿ ಕೊನೆಯ ಸಾಲಿನ ಆಚೆ, ಬೇಲಿಗೆ ಒರಗಿ ನಿಂತವರೂ ದೊಡ್ಡ ವಿದ್ವಾಂಸರನ್ನು ಕೇಳುವಂತಾದದ್ದು ಸಣ್ಣ ಪುಣ್ಯವಲ್ಲ. ಆದರೆ ಅದರ ಬೆಲೆಯನ್ನೂ ಹೇಳಬೇಕು. ಇವತ್ತು ಐವತ್ತು ಜನ ಕೂರುವ ದೇವಸ್ಥಾನದ ಪ್ರಾಂಗಣದಲ್ಲೂ ಮೈಕು, ಮದುವೆಮನೆಯ ಪುಟ್ಟ ಹಾಲಿನಲ್ಲೂ ಮೈಕು. ಗಾಯಕರ ಬಾಯಿಗೆ ಮೂರು ಬೆರಳಿನಷ್ಟು ಹತ್ತಿರ ಇಟ್ಟ ಮೈಕು ದನಿಯ ಕೆಳಭಾಗವನ್ನು ಸಹಜಕ್ಕಿಂತ ಹೆಚ್ಚು ಉಬ್ಬಿಸುತ್ತದೆ. ಒಂದು ಕಡೆಯಿಂದ ಬರುವ ದನಿಯನ್ನು ಮಾತ್ರ ಹಿಡಿಯುವ ಮೈಕುಗಳ ಹುಟ್ಟುಗುಣ ಅದು. ವೀಣೆಯ ಮೈಗೆ ಅಂಟಿಸಿದ ಪುಟ್ಟ ಮೈಕು ಮೀಟಿನ ಸದ್ದನ್ನು ಎತ್ತಿ ಹಿಡಿದು, ಬುರುಡೆಯೂ ಕೊಡವೂ ಸುತ್ತಲಿನ ಗಾಳಿಯೂ ಸೇರಿ ಮಾಡುವ ನಾದವನ್ನು ಹಿಂದೆ ತಳ್ಳುತ್ತದೆ. ತಂಬೂರಿ ಇದ್ದರೂ ಅದು ವೇದಿಕೆಯ ಅಲಂಕಾರ, ಸ್ಪೀಕರಿನಿಂದ ಬರುವುದು ವಿದ್ಯುತ್ ಶ್ರುತಿಪೆಟ್ಟಿಗೆಯ ದನಿ. ಇಡೀ ಕಛೇರಿ ವೇದಿಕೆಯ ಎರಡು ಬದಿಗೆ ನಿಲ್ಲಿಸಿದ ಪೆಟ್ಟಿಗೆಗಳಿಂದ ನಮಗೆ ತಲುಪುತ್ತದೆ.

ಅಂದರೆ "ಸೀಡಿ ಥೇಟ್ ಕಛೇರಿಯ ಹಾಗೇ ಇದೆ" ಎನ್ನುವವರು ಎಷ್ಟೋ ಸಲ ಒಂದು ಸ್ಪೀಕರನ್ನು ಇನ್ನೊಂದು ಸ್ಪೀಕರಿಗೆ ಹೋಲಿಸುತ್ತಿರುತ್ತಾರೆ. ಎಡಿಸನ್ನರ ಗಾಯಕಿ ಯಂತ್ರದ ಗುಣಕ್ಕೆ ದನಿಯನ್ನು ಹೊಂದಿಸಿಕೊಂಡಂತೆ, ನಮ್ಮ ಯುವ ಗಾಯಕರೂ ತಮಗೆ ಗೊತ್ತಿಲ್ಲದೆಯೇ ಮೈಕಿಗೆ ಬೇಕಾದ ಹಾಗೆ ಹಾಡಲು ಕಲಿಯುತ್ತಿದ್ದಾರೆ. ತಳ ನೆಗ್ಗಿದ ಸೇರಿನಲ್ಲಿ ರಾಗಿ ಅಳೆದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಮನೆಗೆ ಹೋದಮೇಲೆ ರಾಗಿ ಮಾತ್ರ ಕಡಿಮೆ. ಮೃದಂಗದ ಮಹಾ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಮೈಕನ್ನು ಅಷ್ಟು ಕಟುವಾಗಿ ವಿರೋಧಿಸಿದ್ದಕ್ಕೆ ಕಾರಣವಿತ್ತು. ಹಠಮಾರಿತನವೆಂದು ಅದನ್ನು ತಳ್ಳಿಹಾಕಿದವರು ಅವರ ಕಿವಿಗೆ ಏನು ಕೇಳಿಸುತ್ತಿತ್ತೆಂದು ಯೋಚಿಸಲಿಲ್ಲ.

ಹಾಗಾದರೆ ಅಳತೆಗೆ ಯಾವುದನ್ನು ಇಟ್ಟುಕೊಳ್ಳಬೇಕು? ನನ್ನ ಉತ್ತರ ಖಚಿತವಾದದ್ದು: ಒಂದು ಒಳ್ಳೆಯ ತಂಬೂರಿ, ಯಾವ ತಂತಿಯೂ ವಿದ್ಯುತ್ತಿನದಲ್ಲದ ತಂಬೂರಿ, ನಿಮ್ಮಿಂದ ನಾಲ್ಕಡಿ ದೂರದಲ್ಲಿ.

ತಂಬೂರಿಯ ಕುದುರೆ ಬಾಗಿದ, ಅಗಲವಾದ ಕುದುರೆ. ಅದರ ಮೇಲೆ ತಂತಿಯ ಕೆಳಗೆ ಹತ್ತಿಯ ಎಳೆಯೊಂದನ್ನು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜೀವ ಕೂರಿಸುತ್ತಾರೆ. ಆಗ ತಂತಿ ಒಮ್ಮೆ ಮೀಟಿದ್ದಕ್ಕೆ ನಾದ ಅರಳುತ್ತ ಹೋಗುತ್ತದೆ. ಮೊದಲು ಷಡ್ಜ, ಆಮೇಲೆ ಅದರ ಒಳಗಿನಿಂದ ಪಂಚಮ, ಇನ್ನೂ ಮೇಲೆ ಅಂತರ ಗಾಂಧಾರ ಇಣುಕುತ್ತದೆ. ಸರ್ ಸಿ.ವಿ. ರಾಮನ್ ಇದನ್ನು ಕುರಿತು 1921ರಲ್ಲೇ ಬರೆದಿದ್ದಾರೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಭೌತಶಾಸ್ತ್ರದ ಹಳೆಯ ನಿಯಮ. ನಮ್ಮ ವೀಣೆ ತಂಬೂರಿಗಳಲ್ಲಿ ಆ ಉಪಸ್ವರಗಳೂ ಗಟ್ಟಿಯಾಗಿಯೇ ಕೇಳಿಸುತ್ತವೆ, ಅದು ಈ ಕುದುರೆಯ ವಿಶೇಷ ಎಂದು ಅವರು ತೋರಿಸಿದರು. ಕರಣೆ ಹಚ್ಚಿದ ಮೃದಂಗದ ಮುಖದಿಂದ ತಂತಿವಾದ್ಯದಂತೆ ಹೊಂದಿಕೊಂಡ ಉಪಸ್ವರಗಳು ಹೊರಡುತ್ತವೆ ಎಂಬ ಅವರ ಸಂಶೋಧನೆಯ ವಿವರವಾದ ಬರಹ 1934ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು.

ಧ್ವನಿಮುದ್ರಣಕ್ಕೆ ತಂಬೂರಿಗಿಂತ ಕಠಿಣ ಪರೀಕ್ಷಕ ಇಲ್ಲ. ಗಂಡಸರ ಒಂದೂವರೆ ಮನೆ ಶ್ರುತಿಯಲ್ಲಿ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಅದರ ಉಪಸ್ವರಗಳು ಸಾವಿರಗಳನ್ನು ದಾಟಿ ಏರುತ್ತವೆ. ಕೆಳಗಿನ ತುದಿ ಸಿಕ್ಕದಿದ್ದರೆ ತಂಬೂರಿ ಸೊಳ್ಳೆಯ ಸದ್ದಾಗುತ್ತದೆ, ಮೇಲಿನ ತುದಿ ಸಿಕ್ಕದಿದ್ದರೆ ಮಂಕಾದ ಗುಯ್‌ಗುಡುವಿಕೆ. ಜೇಬಿನ ಫೋನಿನ ಸ್ಪೀಕರಿಗೆ ಆ 69 ಕಂಪನದ ಹತ್ತಿರವೂ ಸುಳಿಯಲಾಗದು. ಮೇಲಿನ ಉಪಸ್ವರಗಳನ್ನು ಕೇಳಿ ನಮ್ಮ ಕಿವಿಯೇ ಕೆಳಗಿನ ಷಡ್ಜವನ್ನು ಕಟ್ಟಿಕೊಳ್ಳುತ್ತದೆ. ಕಿವಿಯ ಈ ಔದಾರ್ಯವೇ ನಮ್ಮನ್ನು ದಾರಿ ತಪ್ಪಿಸುವುದೂ ಉಂಟು. ನನ್ನ ಈ ಮಾತನ್ನು ನೀವು ರೇಡಿಯೋದ ಮಧ್ಯಮ ತರಂಗದಲ್ಲಿ ಕೇಳುತ್ತಿದ್ದರೆ 4500ಕ್ಕಿಂತ ಮೇಲಿನ ಕಂಪನಗಳು ನಿಮಗೆ ತಲುಪುತ್ತಿಲ್ಲವೆಂದೇ ಹೇಳಬಹುದು, ಎಫ್‌ಎಂನಲ್ಲಾದರೆ 15000ದವರೆಗೆ. ಮಾತು ಎರಡರಲ್ಲೂ ಅರ್ಥವಾಗುತ್ತದೆ. ತಂಬೂರಿ ಎರಡರಲ್ಲೂ ಒಂದೇ ಅಲ್ಲ.

ತಂಬೂರಿಯ ನಂತರ ಮೃದಂಗ. ರವೆ ಹಚ್ಚಿದ ಎಡ ಮುಖದ ಗುಂಕಿ ಒಮ್ಮೆ ತುಂಬಿ, ಮಣಿಕಟ್ಟಿನ ಒತ್ತಿಗೆ ಮೇಲೇರಿ, ಕರಗಬೇಕು. ಎಷ್ಟೋ ಮುದ್ರಿಕೆಗಳಲ್ಲಿ ಅದು "ಬುಡ್" ಎಂದು ಒಮ್ಮೆ ಸದ್ದು ಮಾಡಿ ಅಲ್ಲೇ ಸಾಯುತ್ತದೆ. ಬಲ ಮುಖದ ಚಾಪು ಚುರುಕಾಗಿ ಹೊಡೆದು ನಾದವಾಗಿ ಉಳಿಯಬೇಕು. ಗಟ್ಟಿ ಸದ್ದನ್ನು ತಗ್ಗಿಸಿ ಮೆಲು ಸದ್ದನ್ನು ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಚಾಳಿ ಸ್ಟುಡಿಯೋಗಳಲ್ಲಿ ಬಲವಾಗಿದೆ. ಸೀಡಿ ತಟ್ಟೆಗೆ ಲೆಕ್ಕದ ಪ್ರಕಾರ 96 ಡೆಸಿಬಲ್ ವ್ಯಾಪ್ತಿ ಇದೆ, ಅದರಲ್ಲಿ ಹತ್ತನೆಯ ಒಂದು ಪಾಲನ್ನೂ ಬಳಸದೆ ಮುದ್ರಿಸುತ್ತಾರೆ. ತನಿ ಆವರ್ತನವೂ ಆಲಾಪನೆಯ ಮೊದಲ ಸೊಲ್ಲೂ ಒಂದೇ ಗಾತ್ರದಲ್ಲಿ ಬಂದರೆ ಅದು ಸುಳ್ಳು ಮುದ್ರಿಕೆ ಎಂದು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಕೂತ ಜಾಗವನ್ನೂ ಗಮನಿಸಿ. ಬಲಗೈ ಮೃದಂಗವಾದಕರು ನಾದ ಹೊಮ್ಮುವ ಬಲ ಮುಖ ಸಭೆಗೆ ತೋರುವಂತೆ ಗಾಯಕರ ಬಲಕ್ಕೆ ಕೂರುತ್ತಾರೆ. ಅಂದರೆ ನಮ್ಮ ಎಡಕ್ಕೆ. ಒಬ್ಬೊಬ್ಬರಿಗೂ ಒಂದೊಂದು ಮೈಕು ಕೊಟ್ಟು ಆಮೇಲೆ ಬೆರೆಸಿದ ಮುದ್ರಿಕೆಗಳಲ್ಲಿ ಮೃದಂಗ ಗಾಯಕರ ತೊಡೆಯ ಮೇಲೆ ಕೂತಿರುತ್ತದೆ, ಇಲ್ಲವೇ ಕೋಣೆಯ ಉದ್ದಕ್ಕೂ ಹರಡಿಕೊಂಡಿರುತ್ತದೆ.

ವೀಣೆಯಲ್ಲಿ ನಾನು ಹುಡುಕುವುದು ಮೀಟಿನ ನಂತರ ಉಳಿಯುವ ಬಾಳಿಕೆ. ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರ ನುಡಿಸಿದಾಗ ಕೊನೆಯ ಸ್ವರ ಮೊದಲಿನದಕ್ಕಿಂತ ಎಷ್ಟು ಮೆಲ್ಲಗಿರುತ್ತದೆ ಎಂಬುದು. ಆ ಮೆಲುವೇ ಮೈಸೂರು ಬಾನಿಯ ಸೊಗಸಿನ ಒಂದು ಭಾಗ. ಎಲ್ಲ ಸ್ವರವೂ ಸಮನಾಗಿ ಮೊಳಗಿದರೆ ಅದು ವೀಣೆಯಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ತಿಳಿದವರೂ ಮನೆಯಲ್ಲಿ ಹೋಲಿಸುವಾಗ ಎಡವುವ ಕಡೆಗಳಿವೆ. ಮೊದಲನೆಯದು ಗಾತ್ರ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಕೆಳಗಿನ ಕಂಪನಗಳು ಉಳಿದವಕ್ಕಿಂತ ಬೇಗ ಕಾಣೆಯಾಗುತ್ತವೆ. ಕಛೇರಿಯಲ್ಲಿ ಕೇಳಿದ ಗಾತ್ರಕ್ಕಿಂತ ಕೆಳಗೆ ನುಡಿಸಿದರೆ ಮುದ್ರಿಕೆ ನಿರ್ದೋಷಿಯಾಗಿದ್ದರೂ ಮೃದಂಗದ ಎಡ ಮುಖ, ಮಂದ್ರ ತಂತಿ ಎರಡೂ ಸೊರಗುತ್ತವೆ. ಹಾಗಾಗಿ ಮುದ್ರಿಕೆಯನ್ನು ದೂರುವ ಮೊದಲು, ಆ ಗಾಯಕರು ನಿಮ್ಮ ಕೋಣೆಯಲ್ಲೇ ಕೂತು ಹಾಡಿದ್ದರೆ ಎಷ್ಟು ಕೇಳಿಸುತ್ತಿತ್ತೋ ಅಷ್ಟಕ್ಕೆ ಗಾತ್ರವನ್ನು ತನ್ನಿ. ಅದಕ್ಕಿಂತ ಹೆಚ್ಚೂ ಬೇಡ. ಎರಡು ಮುದ್ರಿಕೆಗಳನ್ನು ಹೋಲಿಸುವಾಗಲೂ ಇದೇ ಎಚ್ಚರ. ಒಂದು ಚೂರು ಗಟ್ಟಿಯಾಗಿದ್ದರೆ ಸಾಕು, ಅದು ಹೆಚ್ಚು ಗಟ್ಟಿ ಎಂದು ನಮಗೆ ಹೊಳೆಯುವುದಿಲ್ಲ, ಹೆಚ್ಚು ಚೆನ್ನಾಗಿದೆ ಎಂದೇ ತೋರುತ್ತದೆ. ಅಂಗಡಿಯವರಿಗೆ ಈ ವಿಷಯ ಚೆನ್ನಾಗಿ ಗೊತ್ತು.

ಎರಡನೆಯದು, ಕೆನಡಾದ ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಎಷ್ಟೋ ವರ್ಷಗಳಿಂದ ಎತ್ತಿ ತೋರಿಸುತ್ತ ಬಂದ ಒಂದು ಸಿಕ್ಕು. ಸ್ಪೀಕರು ಚೆನ್ನಾಗಿದೆಯೇ ಎಂದು ನಾವು ಮುದ್ರಿಕೆ ಹಾಕಿ ನೋಡುತ್ತೇವೆ. ಆ ಮುದ್ರಿಕೆಯನ್ನು ಮಾಡಿದವರು ಅದು ಚೆನ್ನಾಗಿದೆಯೇ ಎಂದು ತಮ್ಮ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಿರುತ್ತಾರೆ. ಒಂದರ ತಪ್ಪು ಇನ್ನೊಂದರ ಹಿಂದೆ ಅಡಗುತ್ತದೆ. ಈ ಸುತ್ತಿನಿಂದ ಹೊರಬರಲು ಮನೆಯಲ್ಲೇ ಒಂದು ದಾರಿ ಇದೆ. ವಿಲ್ಚರ್ ಮಾಡಿದ್ದನ್ನೇ ಸಣ್ಣದಾಗಿ ಮಾಡುವುದು. ನಿಮ್ಮ ಮನೆಯವರೊಬ್ಬರನ್ನು ಗೋಡೆಗಳಿಂದ ದೂರ, ತೆರೆದ ಬಯಲಿನಲ್ಲಿ ನಿಲ್ಲಿಸಿ, ಗಾಳಿ ಬೀಸದ ಹೊತ್ತಿನಲ್ಲಿ ಅವರು ಸುಮ್ಮನೆ ಮಾತಾಡುವುದನ್ನು ಮುದ್ರಿಸಿಕೊಳ್ಳಿ. ಮೈಕನ್ನು ಬಾಯಿಗೆ ಹಿಡಿಯಬೇಡಿ, ಒಂದು ಮಾರು ದೂರವಿರಲಿ. ಫೋನಿನಲ್ಲಿ ಮುದ್ರಿಸುವುದಾದರೆ ಗದ್ದಲ ತಗ್ಗಿಸುವ, ಗಾತ್ರವನ್ನು ತಾನಾಗಿ ಏರಿಸಿಳಿಸುವ ಏರ್ಪಾಡುಗಳನ್ನು ನಿಲ್ಲಿಸಿರಿ. ಆಮೇಲೆ ಕೋಣೆಯಲ್ಲಿ ಸ್ಪೀಕರಿನ ಪಕ್ಕಕ್ಕೆ ಅವರನ್ನೇ ನಿಲ್ಲಿಸಿ, ಅದೇ ಮಾತನ್ನು ಅವರಿಂದಲೂ ಸ್ಪೀಕರಿನಿಂದಲೂ ಒಂದಾದಮೇಲೊಂದು ಕೇಳಿ. ನಡುವೆ ಹೊತ್ತು ಹೋಗಬಾರದು. ದನಿಯ ನಿಖರವಾದ ಬಣ್ಣವನ್ನು ನಮ್ಮ ನೆನಪು ಹಿಡಿದಿಡುವುದು ಕೆಲವೇ ಕ್ಷಣ. ದಿನವೂ ಕೇಳುವ ಅಮ್ಮನ ದನಿಯನ್ನೋ ಮಗಳ ದನಿಯನ್ನೋ ಸರಿಯಾಗಿ ತೋರಿಸದ ಸ್ಪೀಕರು, ಮಲ್ಲಿಕಾರ್ಜುನ ಮನ್ಸೂರರ ದನಿಯನ್ನು ಸರಿಯಾಗಿ ತೋರಿಸುತ್ತಿದೆಯೆಂದು ನಂಬಲು ಆಧಾರವೇನು?

ಇದುವರೆಗೆ ಹೇಳಿದ್ದು ನಾದದ ನಿಷ್ಠೆ. ಇನ್ನೊಂದು ನಿಷ್ಠೆ ಇದೆ, ಅದು ನಡೆದದ್ದಕ್ಕೆ ತೋರುವ ನಿಷ್ಠೆ. ನನ್ನ ಮಟ್ಟಿಗೆ ನಮ್ಮ ಸಂಗೀತದಲ್ಲಿ ಇದರ ತೂಕವೇ ಹೆಚ್ಚು. ಗಣಕದ ಮುಂದೆ ಕೂತು ಜಾರಿದ ಸ್ವರವನ್ನು ಎತ್ತಿ ಕೂರಿಸುವುದು ಈಗ ನಿಮಿಷದ ಕೆಲಸ. ಆ ತಂತ್ರ ಹುಟ್ಟಿದ್ದು ಸ್ವರಗಳು ಮೆಟ್ಟಿಲುಗಳಂತೆ ಬೇರೆ ಬೇರೆ ನಿಲ್ಲುವ ಸಂಗೀತಕ್ಕಾಗಿ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ಅದು ಓಲಾಡಿದರೇ ತೋಡಿ. ಶಹಾನದ ಗಾಂಧಾರವನ್ನು ಗಣಕದ ಲೆಕ್ಕದ ಗಾಂಧಾರಕ್ಕೆ ಎಳೆದರೆ ಶಹಾನ ಹೋಯಿತು. ಚಪ್ಪರದಲ್ಲಿ ಯಾರೋ ರಸಿಕರು ಸಾಧಾರಣ ಯಂತ್ರದಲ್ಲಿ ಹಿಡಿದ, ಮಗುವಿನ ಅಳುವೂ ಕೆಮ್ಮೂ ಸೇರಿದ ಕ್ಯಾಸೆಟ್ಟಿನಲ್ಲಿ ಗಾಯಕರು ಒಂದು ಸಂಗತಿಗಾಗಿ ತಡಕಾಡುತ್ತಾರೆ, ಪಿಟೀಲು ಅದನ್ನು ಎತ್ತಿಕೊಡುತ್ತದೆ, ಗಾಯಕರು "ಭಲೇ" ಎನ್ನುತ್ತಾರೆ, ಆಮೇಲೆ ಎರಡು ಪಟ್ಟು ಹುರುಪಿನಿಂದ ಮುಂದುವರಿಯುತ್ತಾರೆ. ಗಾಯಕರು ಒಂದು ದಿನ ಬಂದು ಹಾಡಿ ಹೋಗಿ, ಪಿಟೀಲಿನವರು ಇನ್ನೊಂದು ದಿನ ಬಂದು ಜೋಡಿಸಿದ ನಿರ್ಮಲವಾದ ಸ್ಟುಡಿಯೋ ಮುದ್ರಿಕೆಯಲ್ಲಿ ಇದು ಯಾವುದೂ ಇಲ್ಲ. ನಾದ ಎಷ್ಟೇ ಶುದ್ಧವಾಗಿರಲಿ, ನಡೆಯದ ಕಛೇರಿಗೆ ಅದು ನಿಷ್ಠವಾಗಿದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಕೆಮ್ಮಿನ ಕ್ಯಾಸೆಟ್ಟನ್ನೇ ಆರಿಸುತ್ತೇನೆ.

ಎರಡೂ ನಿಷ್ಠೆ ಒಟ್ಟಿಗೆ ಇರಲು ಸಾಧ್ಯ. ಒಳ್ಳೆಯ ಕೋಣೆ, ಕಲಾವಿದರು ಒಟ್ಟಿಗೆ ಕೂತು ಒಬ್ಬರನ್ನೊಬ್ಬರು ನೋಡಿಕೊಂಡು ಹಾಡುವುದು, ಎಂಟು ಹತ್ತಡಿ ದೂರದಲ್ಲಿ ಎರಡೇ ಮೈಕು, ಆಮೇಲೆ ಕೈಹಾಕದಿರುವುದು. ಇದಕ್ಕೆ ಖರ್ಚು ಹೆಚ್ಚಿಲ್ಲ. ಬೇಕಾದದ್ದು ಕಲಾವಿದರ ತಯಾರಿ ಮತ್ತು ತಂತ್ರಜ್ಞರ ಸಂಯಮ.

ಕೊನೆಯದಾಗಿ ಮೂರು ಕಡೆಗೆ ನನ್ನ ವಿನಂತಿ. ಸಂಗೀತ ಸಭೆಗಳನ್ನು ನಡೆಸುವವರು ವರ್ಷಕ್ಕೆ ಒಂದಾದರೂ ಮೈಕಿಲ್ಲದ ಕಛೇರಿ ಏರ್ಪಡಿಸಲಿ. ನೂರು ಜನ ಸಾಕು, ಸಣ್ಣ ಹಾಲು ಸಾಕು. ಪಾಠ ಹೇಳುವ ಗುರುಗಳು ಶ್ರುತಿಪೆಟ್ಟಿಗೆಯನ್ನು ವಾರಕ್ಕೊಂದು ದಿನ ಬದಿಗಿಟ್ಟು ಮಕ್ಕಳ ಕೈಗೆ ತಂಬೂರಿ ಕೊಟ್ಟು ಶ್ರುತಿ ಮಾಡಿಸಲಿ. ಹಾಗೆ ಪಳಗಿದ ಕಿವಿಗೆ ಮುದ್ರಿಕೆಯ ಗುಣದೋಷ ಯಾರೂ ಹೇಳಿಕೊಡಬೇಕಾಗಿಲ್ಲ. ಮುದ್ರಣ ಮಾಡುವ ತಂತ್ರಜ್ಞರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪ್ರತಿ ಮುದ್ರಣದ ಮೊದಲಲ್ಲಿ ಬರೀ ತಂಬೂರಿಯನ್ನು ಒಂದು ನಿಮಿಷ ಮುದ್ರಿಸಿ. ಹೊರಕವಚದ ಮೇಲೆ ತಾರೀಕು, ಸ್ಥಳ, ಕಲಾವಿದರ ಶ್ರುತಿ, ಮೈಕು ಎಷ್ಟು ಮತ್ತು ಎಲ್ಲಿತ್ತು, ಆಮೇಲೆ ಏನೇನು ತಿದ್ದಿದಿರಿ ಎಂಬುದನ್ನು ಬರೆಯಿರಿ. ಐವತ್ತು ವರ್ಷದ ನಂತರ ಅದನ್ನು ಕೇಳುವವರಿಗೆ ಹೋಲಿಸಿ ನೋಡಲು ಆ ಕಲಾವಿದರು ಇರುವುದಿಲ್ಲ, ನೀವು ಬರೆದಿಟ್ಟ ಆ ನಾಲ್ಕು ಸಾಲು ಇರುತ್ತದೆ.